ಹದಿಮೂರನೇ ನಂಬರ್ ಸ್ಪ್ಯಾನರ್

— ಹಿಂದಿನ ಎರಡೂ ಸಾಲು ಸೀಟು ಕಿತ್ತು ಮನೆಯಲ್ಲಿ ಇಟ್ಟುಬಿಡ್ತೀನಿ ಮಾವ. ಆ ಜಾಗದಲ್ಲಿ ಹಾಸಿಗೆ, ಅದರ ಕೆಳಗೆ ಡ್ರಾಯರು, ಒಂದು ಬದಿಗೆ ಅಡುಗೆ ಕಟ್ಟೆ, ಪುಟ್ಟದೊಂದು ಸಿಂಕು. ಬೆಂಗಳೂರು ಬಿಟ್ಟ ಮೇಲೆ ಸ್ಪಿತಿ ಕಣಿವೆ ಮುಗಿಸಿ ವಾಪಸ್ ಬರೋ ತನಕ ನನಗೂ ನನ್ನ ಗೆಳತಿಗೂ ಸ್ಕಾರ್ಪಿಯೋನೇ ಮನೆ.

— ಆರ್‌ಸಿಯಲ್ಲಿ ಎಷ್ಟು ಸೀಟು ಅಂತಿದೆ?

— ಏಳು.

— ಗ್ವಾಲಿಯರ್ ಹತ್ತಿರ ಪೊಲೀಸಿನವನು ಕೈ ಅಡ್ಡ ಹಿಡಿದು ಬಾಗಿಲು ತೆಗೆಸಿದರೆ ಅವನಿಗೆ ಕಾಣೋದು ಎರಡು. ಉಳಿದ ಐದು ಎಲ್ಲಿ ಅಂತ ಕೇಳಿದರೆ ಹಾಸನದಲ್ಲಿ ಅಟ್ಟದ ಮೇಲಿದೆ ಅಂತೀಯ?

— ನನ್ನ ಗಾಡಿ, ನನ್ನ ಸೀಟು. ಅವನಿಗೇನು ಕಷ್ಟ?

— 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಓದಿಕೋ. ಕಂಪನಿ ಕೊಟ್ಟ ವಿವರ ಆರ್‌ಸಿಯಲ್ಲಿ ಹೇಗಿದೆಯೋ ಅದಕ್ಕೆ ವ್ಯತ್ಯಾಸ ಬರೋ ಹಾಗೆ ಮಾಲೀಕ ಗಾಡಿಯನ್ನ ಮಾರ್ಪಡಿಸಬಾರದು. ಕೇರಳದ ಒಂದು ಮೊಕದ್ದಮೆಯಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಇನ್ನೊಮ್ಮೆ ಬಿಗಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಸೆಕ್ಷನ್ ಬಂತು. ಅನುಮತಿಯಿಲ್ಲದ ಒಂದೊಂದು ಮಾರ್ಪಾಟಿಗೂ 5,000 ರೂಪಾಯಿ ದಂಡ, ಇಲ್ಲ ಆರು ತಿಂಗಳವರೆಗೆ ಜೈಲು, ಇಲ್ಲ ಎರಡೂ. ದಂಡ ಕಟ್ಟಿ ಮುಂದೆ ಹೋಗಬಹುದು ಬಿಡು. ನನಗೆ ಭಯ ಇನ್ಶೂರೆನ್ಸಿನದು. ಏನಾದರೂ ಆದ ಮೇಲೆ ಸರ್ವೇಯರ್ ಬಂದು ಸೀಟಿಲ್ಲದ ಗಾಡಿಯ ಫೋಟೋ ತೆಗೆದುಕೊಂಡು ಹೋದರೆ ಆ ಕ್ಲೇಮಿನ ಹಿಂದೆ ಎಷ್ಟು ವರ್ಷ ಓಡಾಡ್ತೀಯೋ!

— ಹಾಗಾದರೆ ಕ್ಯಾರವಾನ್‌ಗಳೆಲ್ಲ ರಸ್ತೆ ಮೇಲೆ ಹೇಗೆ ಓಡ್ತಾವೆ? ಕೇರಳದವರು 2021ರಲ್ಲಿ ಕ್ಯಾರವಾನ್ ಪ್ರವಾಸಕ್ಕೆ ಅಂತ ಒಂದು ನೀತಿಯನ್ನೇ ತಂದರಲ್ಲ.

— ಅವಕ್ಕೆ ಬೇರೆ ದಾರಿ ಇದೆ. ಮೋಟಾರ್ ಕ್ಯಾರವಾನ್ ಅನ್ನೋ ವರ್ಗವೇ ಉಂಟು, ಎಐಎಸ್-124 ಅಂತ ಮಾನದಂಡ. ಒಳಗೆ ಸೀಟು-ಮೇಜು, ಮಲಗೋ ಜಾಗ, ಅಡುಗೆಯ ಏರ್ಪಾಡು, ಸಾಮಾನಿಡೋ ಕಪಾಟು ಇಷ್ಟೂ ಇರಬೇಕು, ಗಟ್ಟಿಯಾಗಿ ಕೂರಿಸಿರಬೇಕು, ಪರೀಕ್ಷೆ ಆಗಿ ಪ್ರಮಾಣಪತ್ರ ಸಿಗಬೇಕು. ಅದು ಬಾಡಿ ಕಟ್ಟೋ ಕಾರ್ಖಾನೆಯವರ ಕೆಲಸ. ನಾನೂ ನೀನೂ ಈ ಅಂಗಳದಲ್ಲಿ ಡ್ರಿಲ್ಲಿಂಗ್ ಮೆಷಿನ್ ಇಟ್ಟುಕೊಂಡು ಮಾಡೋದಲ್ಲ.

— ಅಂದರೆ ಮಾಡೋದೇ ಬೇಡ ಅಂತೀರಾ?

— ಎಲ್ಲಿ ಹಾಗಂದೆ? ಗಾಡಿಗೆ ಒಂದೇ ಒಂದು ತೂತೂ ಕೊರೆಯೋದು ಬೇಡ ಅಂತೀನಿ. ಹಿಂದಿನ ಸಾಲು ಮಡಚಿ ಬದಿಗೆ ಸೇರಲಿ, ನಡುವಿನ ಸೀಟು ಬೆನ್ನು ಮಡಚಿಕೊಂಡು ಮುಂದಕ್ಕೆ ಮಗುಚಲಿ. ಸೀಟು ಗಾಡಿಯಲ್ಲೇ ಇದೆ, ಆರ್‌ಸಿಯೂ ಸರಿಯಿದೆ. ಉಳಿದ ಜಾಗದಲ್ಲಿ ಕೂರೋ ಹಾಗೆ ಪೆಟ್ಟಿಗೆ ಮಾಡೋಣ. ಎಲ್ಲಾ ಕಡೆ ಎಂಟು ಎಂಎಂ ಬೋಲ್ಟೇ ಹಾಕೋಣ, ಹದಿಮೂರನೇ ನಂಬರ್ ಸ್ಪ್ಯಾನರ್ ಒಂದಿದ್ದರೆ ಸಾಕು, ಎಲ್ಲ ಬಿಚ್ಚಿ ಹೊರಗಿಟ್ಟರೆ ಮತ್ತೆ ಏಳು ಜನರ ಗಾಡಿ. ನಿಮ್ಮಮ್ಮನ್ನ ಆಸ್ಪತ್ರೆಗೆ ಕರ್ಕೊಂಡು ಹೋಗೋಕೆ ಇರೋದೂ ಅದೊಂದೇ ಗಾಡಿ, ನೆನಪಿರಲಿ.

— ಒಂದು ಹೇಳ್ಲಾ? ಈ ಕ್ಯಾಂಪರ್ ವ್ಯಾನ್ ಅನ್ನೋದು ಶುರುವಾಗಿದ್ದೂ ಹಾಗೇ. ಜರ್ಮನಿಯಲ್ಲಿ ವೆಸ್ಟ್‌ಫಾಲಿಯಾ ಅನ್ನೋ ಕಂಪನಿ 1951ರಲ್ಲಿ ಫೋಕ್ಸ್‌ವ್ಯಾಗನ್ ವ್ಯಾನಿಗೆ ಒಂದು ಕ್ಯಾಂಪಿಂಗ್ ಬಾಕ್ಸ್ ಮಾಡಿತ್ತು. ವಾರದ ದಿನ ವ್ಯಾನು ಅಂಗಡಿ ಸಾಮಾನು ಹೊರೋದು, ರಜೆಯಲ್ಲಿ ಬಾಕ್ಸ್ ಒಳಗೆ ಕೂರಿಸಿಕೊಂಡು ಸಂಸಾರ ಸಮೇತ ಹೊರಡೋದು.

— ಅಷ್ಟೆಲ್ಲ ಓದಿಕೊಂಡು ಸೀಟು ಕೀಳ್ತೀನಿ ಅಂತ ಬಂದೆಯಲ್ಲ! ಸರಿ, ಟೇಪು ಹಿಡಿದಿದ್ದೀಯಾ? ಒಳಗೆ ನೆಲದಿಂದ ಸೂರಿಗೆ ಎಷ್ಟಿದೆ?

— ಹೆಚ್ಚೂಕಮ್ಮಿ 43 ಇಂಚು. ಹದಿನಾರು ಇಂಚಿನ ಡ್ರಾಯರು, ಅದರ ಮೇಲೆ ಪ್ಲೈ, ಅದರ ಮೇಲೆ ನಾಲ್ಕಿಂಚು ಫೋಮು.

— ಪ್ಲೈ ಅರ್ಧ ಇಂಚು ಅಂತ ಹಿಡಿ. ಇಪ್ಪತ್ತೂವರೆ ಅಲ್ಲೇ ಹೋಯ್ತು, ಉಳಿದಿದ್ದು ಇಪ್ಪತ್ತೆರಡೂವರೆ. ಈಗ ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂರು. ಕೂರಮ್ಮ, ನಾಚಿಕೆ ಯಾತಕ್ಕೆ? ನೋಡು, ನೆಲದಿಂದ ನೆತ್ತಿಗೆ ಮೂವತ್ತಮೂರು. ಹಾಸಿಗೆ ಮೇಲೆ ಎದ್ದು ಕೂರೋಕೇ ಆಗಲ್ಲ ನಿನಗೆ.

— ಮಲಗೋಕೆ ತಾನೇ?

— ಒಂದು ಹಗಲೆಲ್ಲ ಮಳೆ ಹಿಡಿದರೆ? ಮುಂದೆ ಗುಡ್ಡ ಕುಸಿದು ರಸ್ತೆ ಮುಚ್ಚಿದರೆ? ಕಿನ್ನೋರ್ ಕಡೆ ಅದು ಅಪರೂಪವೂ ಅಲ್ಲ. ಬಟ್ಟೆ ಬದಲಾಯಿಸಬೇಕು, ತಲೆ ಬಾಚಿಕೊಳ್ಳಬೇಕು, ಒಂದು ಲೋಟ ಕಾಫಿ ಕುಡೀಬೇಕು. ಇಷ್ಟಕ್ಕೂ ಕೂರಬೇಕು ತಾನೇ? ಹಾಸಿಗೆ ತಗ್ಗಿಸು.

— ತಗ್ಗಿಸಿದರೆ ಅಗಲ ಸಿಗಲ್ಲ ಮಾವ. ಚಕ್ರದ ಗೂಡು ಎರಡೂ ಕಡೆಯಿಂದ ಒಳಗೆ ಬಂದಿದೆ. ಅವುಗಳ ನಡುವೆ ಒಬ್ಬರು ಕಾಲು ಚಾಚಬಹುದು, ಇಬ್ಬರಿಗೆ ಆಗಲ್ಲ.

— ಅದು ಸರಿಯಾದ ಮಾತು. ಗೂಡಿನ ಎತ್ತರ ಎಷ್ಟು, ಒಂಬತ್ತಾ? ಅದರ ನೆತ್ತಿ ಸಮಕ್ಕೆ ಪ್ಲೈ ಬರಲಿ. ಮೇಲೆ ನಾಲ್ಕಿಂಚಿನ ಮೆತ್ತನೆ ಫೋಮು ಬೇಡ, ಎರಡಿಂಚಿನ ರೀಬಾಂಡೆಡ್ ಹಾಕು, ಗಟ್ಟಿ ಇರುತ್ತೆ, ಪ್ಲೈ ಬೆನ್ನಿಗೆ ಒತ್ತಲ್ಲ. ಒಟ್ಟು ಹನ್ನೊಂದೂವರೆ. ಮೇಲೆ ಮೂವತ್ತೊಂದೂವರೆ ಉಳೀತು. ಒಂದೂವರೆ ಇಂಚು ತಲೆ ಬಗ್ಗಿಸಿ ಕೂತರಾಯ್ತು.

— ಡ್ರಾಯರು?

— ಒಂಬತ್ತಿಂಚಿನಲ್ಲಿ ಡ್ರಾಯರು ಮಾಡಿದರೆ ಚಾನಲ್ಲು, ಬದಿ ಹಲಗೆ, ತಳ ಹಲಗೆ ಅಂತ ಜಾಗವೆಲ್ಲ ಮರವೇ ತಿನ್ನುತ್ತೆ. ಸಾಲದ್ದಕ್ಕೆ ಮಣ್ಣು ರಸ್ತೆಗೆ ಬಿದ್ದ ಮೇಲೆ ಚಾನಲ್ಲಿನ ಗುಂಡುಗಳಿಗೆ ದೂಳು ಸೇರಿ ಎಳೆದರೆ ಬರಲ್ಲ, ಬಿಟ್ಟರೆ ನಿಲ್ಲಲ್ಲ, ದಾರಿಯುದ್ದಕ್ಕೂ ಲಟಲಟ. ಮೇಲಿನ ಹಲಗೆಯನ್ನೇ ಮೂರು ಮುಚ್ಚಳ ಮಾಡಿ ಹಿಂಜ್ ಹಾಕು. ಎತ್ತಿದರೆ ಕೆಳಗೆ ಸಾಮಾನು. ಉದ್ದಕ್ಕೆ ಸಾಲದೇ ಇರೋ ಒಂದಡಿಗೆ ಇನ್ನೊಂದು ಹಲಗೆ. ರಾತ್ರಿ ಮುಂದಿನ ಸೀಟನ್ನ ಮುಂದಕ್ಕೆ ತಳ್ಳಿ ಅದನ್ನ ಮಗುಚಿ ಹಾಕು, ಕೆಳಗೆ ಎರಡು ಮಡಚೋ ಕಾಲು ಕೊಡು.

— ಹದಿನೆಂಟು ಎಂಎಂ ಮರೈನ್ ಪ್ಲೈ ಮೂರು ಶೀಟು ಅಂತ ಆಚಾರಿ ಅಂದಾಜು ಕೊಟ್ಟಿದ್ದಾರೆ.

— ಅವರು ಅಡುಗೆಮನೆ ಕಪಾಟಿನ ಲೆಕ್ಕದಲ್ಲಿ ಕೊಟ್ಟಿದ್ದಾರೆ. ಎಂಟು-ನಾಲ್ಕರ ಹದಿನೆಂಟು ಎಂಎಂ ಶೀಟು ಒಂದೊಂದೂ ಮೂವತ್ತು ಕಿಲೋ ಮೀರುತ್ತೆ. ಮೂರು ಶೀಟು ಅಂದರೆ ಒಂದು ಕ್ವಿಂಟಾಲ್ ಮರವನ್ನ ಹಿಮಾಲಯಕ್ಕೆ ಹೊತ್ತುಕೊಂಡು ಹೋಗಿ ವಾಪಸ್ ಹೊತ್ತುಕೊಂಡು ಬರ್ತೀಯ. ಹನ್ನೆರಡು ಎಂಎಂನಲ್ಲಿ ಮಾಡು, ಅಡಿಗೆ ಒಂದೂವರೆ ಅಡಿಗೊಂದು ಅಡ್ಡಪಟ್ಟಿ ಕೊಡು, ಎರಡು ಶೀಟಿನಲ್ಲಿ ಮುಗಿಯುತ್ತೆ. ಮರೈನ್ ಬೇಕಿದ್ದರೆ ತಗೋ, ಹಿಂದೆ ಐಎಸ್ 710 ಅಂತ ಮುದ್ರೆ ಇದೆಯಾ ನೋಡು. ಸಿಂಕು ಬಿಟ್ಟರೆ ಅದರ ಅಗತ್ಯವೂ ಬೀಳಲ್ಲ, 303 ಮುದ್ರೆಯದ್ದಕ್ಕೆ ಎರಡು ಕೋಟು ಪಾಲಿಶ್ ಹೊಡೆದರೆ ಸಾಕು. ಸಿಂಕು ಬಿಡ್ತೀಯ ತಾನೇ?

— ಬಿಟ್ಟೆ. ಒಂದು ಬೇಸಿನ್ನು, ನಲ್ಲಿ ಇರೋ ಇಪ್ಪತ್ತು ಲೀಟರ್ ಕ್ಯಾನು ಎರಡು.

— ನಲವತ್ತು ಲೀಟರು ಅಂದರೆ ನಲವತ್ತು ಕಿಲೋ. ಎಲ್ಲವನ್ನೂ ಹೀಗೆ ಕಿಲೋದಲ್ಲೇ ಬರೆದುಕೊಂಡು ಹೋಗು. ಆರ್‌ಸಿಯಲ್ಲಿ ಎರಡು ತೂಕ ಇರುತ್ತೆ, ಖಾಲಿ ಗಾಡಿಯದ್ದೊಂದು, ಪೂರ್ತಿ ಹೇರಿದ್ದೊಂದು. ಎರಡರ ವ್ಯತ್ಯಾಸದಲ್ಲಿ ಮೊದಲು ನಿಮ್ಮಿಬ್ಬರನ್ನ ಕಳೆ, ಆಮೇಲೆ ಒಂದು ನೂರು ಕಿಲೋ ಸುಮ್ಮನೆ ಕಳೆ. ಉಳಿದಿದ್ದಷ್ಟೇ ನಿನ್ನದು.

— ನೂರು ಯಾಕೆ?

— ದಾರಿಯಲ್ಲಿ ಸಾಮಾನು ಹುಟ್ಟಿಕೊಳ್ಳುತ್ತೆ. ಹೊರಡೋ ಮುಂಚೆ ಎಲ್ಲ ತುಂಬಿ, ಟ್ಯಾಂಕು ಭರ್ತಿ ಮಾಡಿ, ನೀವಿಬ್ಬರೂ ಕೂತು ಎಪಿಎಂಸಿ ಹತ್ತಿರದ ವೇಬ್ರಿಡ್ಜಿಗೆ ಹೋಗಿ ಬಾ. ಮುಂದಿನ ಚಕ್ರ ಮಾತ್ರ ಹತ್ತಿಸಿ ಒಂದು ತೂಕ, ಪೂರ್ತಿ ಗಾಡಿ ಒಂದು ತೂಕ, ಹಿಂದಿನ ಚಕ್ರ ಮಾತ್ರ ಒಂದು ತೂಕ. ಎಲ್ಲ ಭಾರ ಹಿಂದಕ್ಕೇ ಬಿದ್ದಿದ್ದರೆ ಸ್ಟೇರಿಂಗು ಹಗುರ ಆಗುತ್ತೆ, ರಾತ್ರಿ ಹೆಡ್‌ಲೈಟು ಎದುರಿನವನ ಕಣ್ಣಿಗೆ ಹೊಡೆಯುತ್ತೆ. ಭಾರದ್ದೆಲ್ಲ ಮಡಚಿದ ಸೀಟಿನ ಬೆನ್ನಿಗೆ ತಾಗಿ, ನೆಲಕ್ಕೆ ತಾಗಿ ಇರಬೇಕು, ರ್‍ಯಾಚೆಟ್ ಬೆಲ್ಟ್ ಬಿಗಿದಿರಬೇಕು. ಐವತ್ತರ ವೇಗದಲ್ಲಿ ಗುದ್ದಿದರೆ ಕಟ್ಟದೇ ಇಟ್ಟ ನೀರಿನ ಕ್ಯಾನು ತನ್ನ ತೂಕದ ಇಪ್ಪತ್ತು-ಮೂವತ್ತು ಪಟ್ಟು ಬಲದಲ್ಲಿ ನಿನ್ನ ಸೀಟಿಗೆ ಬಂದು ಬೀಳುತ್ತೆ. ಟೆಂಟು, ಟಯರು ಅಂತ ಸೂರಿನ ಮೇಲೆ ಹೇರೋದೂ ಬೇಡ, ತಿರುವಿನಲ್ಲಿ ಗಾಡಿ ವಾಲುತ್ತೆ. ಬೋಲ್ಟಿಗೆಲ್ಲ ನೈಲಾಕ್ ನಟ್ಟು ಹಾಕು. ಬಸ್ಸಿನಲ್ಲಿ ನಾವು ಬಿಗಿದ ನಟ್ಟನ್ನ ರಸ್ತೆ ಬಿಚ್ಚಿ ಕಳಿಸ್ತಿತ್ತು, ಅದಕ್ಕೆ ಹೇಳಿದೆ.

— ಕರೆಂಟಿಗೆ ಮನೆಯ ಯುಪಿಎಸ್ ಬ್ಯಾಟರಿ ಇಟ್ಟುಕೊಂಡರೆ ಅಂತ ಮೊದಲು ಅಂದುಕೊಂಡಿದ್ದೆ. ಅದೇ ಐವತ್ತು ಕಿಲೋ ಮೀರುತ್ತೆ, ಚಾರ್ಜ್ ಆಗುವಾಗ ಹೈಡ್ರೋಜನ್ ಬೇರೆ ಬಿಡುತ್ತೆ, ಮಲಗೋ ಜಾಗದಲ್ಲಿ ಬೇಡ ಅನ್ನಿಸ್ತು. ಲಿಥಿಯಂ ಐರನ್ ಫಾಸ್ಫೇಟ್ ಆದರೆ ನೂರು ಆಂಪಿಯರ್-ಅವರ್‌ನದ್ದು ಹದಿನೈದು ಕಿಲೋ ಒಳಗೇ ಸಿಗುತ್ತೆ. 12.8 ವೋಲ್ಟು ಇಂಟು ನೂರು, 1,280 ವ್ಯಾಟ್-ಅವರ್, ಹೆಚ್ಚೂಕಮ್ಮಿ ಪೂರ್ತಿ ಬಳಸಬಹುದು. ಲೆಡ್ ಆಸಿಡ್ಡಿನಲ್ಲಿ ಅರ್ಧ ದಾಟಿದರೆ ಅದರ ಆಯಸ್ಸು ಕಮ್ಮಿಯಾಗುತ್ತೆ.

— ಅದರಲ್ಲಿ ಇಂಡಕ್ಷನ್ ಒಲೆ ಹಚ್ತೀಯ?

— ಇಲ್ಲ, ಆ ಲೆಕ್ಕ ನನಗೂ ಬರುತ್ತೆ. 2,000 ವ್ಯಾಟಿನ ಒಲೆ ಅಂದರೆ 12 ವೋಲ್ಟಿನಲ್ಲಿ ನೂರರವತ್ತು ಆಂಪಿಯರ್ ದಾಟುತ್ತೆ, ವೈರು ಬೆರಳು ದಪ್ಪ ಬೇಕು. ನನಗೆ ಬೇಕಿರೋದು ಒಂದು ಪುಟ್ಟ ಕಂಪ್ರೆಸರ್ ಫ್ರಿಜ್ಜು, ಎರಡು ಎಲ್‌ಇಡಿ, ಒಂದು ಫ್ಯಾನು, ಫೋನು. ಫ್ರಿಜ್ಜು ಓಡುವಾಗ ನಲವತ್ತೈವತ್ತು ವ್ಯಾಟು, ಅದೂ ಬಿಟ್ಟು ಬಿಟ್ಟು. ಬಿಸಿಲಲ್ಲೂ ದಿನಕ್ಕೆ 500 ವ್ಯಾಟ್-ಅವರ್ ಆಸುಪಾಸಿನಲ್ಲಿ ಮುಗಿಯುತ್ತೆ. ಅದಕ್ಕೇ ವೈರಿಂಗೇ ಮಾಡಿಸಲ್ಲ ಮಾವ. ಪೋರ್ಟಬಲ್ ಪವರ್ ಸ್ಟೇಷನ್ ಅಂತ ಡಬ್ಬ ಸಿಗುತ್ತೆ, ಬ್ಯಾಟರಿ, ಚಾರ್ಜರು, ಇನ್ವರ್ಟರು ಎಲ್ಲ ಅದರೊಳಗೇ. ಗಾಡಿಯ 12 ವೋಲ್ಟ್ ಸಾಕೆಟ್ಟಿಗೆ ಚುಚ್ಚಿದರಾಯ್ತು. ನೂರು ವ್ಯಾಟು ಎಳೆದರೂ ಆರು ಗಂಟೆ ಓಡಿಸಿದರೆ ಆರುನೂರು ಬಂತು. ನೀವು ಹೇಳಿದ ಹಾಗೆ ಒಂದು ತೂತೂ ಇಲ್ಲ.

— ಹ್ಞಾ, ಇದು ಕೆಲಸ. ನಾನಾಗಿದ್ದರೆ ಎರಡನೇ ಬ್ಯಾಟರಿ, ಐಸೊಲೇಟರು, ಫ್ಯೂಸು ಅಂತ ಬಾನೆಟ್ಟಿನೊಳಗೆ ಕೈ ಹಾಕ್ತಿದ್ದೆ. ಬೆಳಗ್ಗೆ ಇಂಜಿನ್ ಸ್ಟಾರ್ಟ್ ಆಗೋ ಬ್ಯಾಟರಿಗೆ ಮಾತ್ರ ಫ್ರಿಜ್ಜು ಸೇರಬಾರದು, ಇಂಜಿನ್ ನಿಲ್ಲಿಸಿದ ತಕ್ಷಣ ಆ ಸಾಕೆಟ್ಟಿನಿಂದ ಕಿತ್ತುಬಿಡು. ಶೂನ್ಯಕ್ಕಿಂತ ಕೆಳಗೆ ಇಳಿದ ಚಳಿಯಲ್ಲಿ ಲಿಥಿಯಂ ಚಾರ್ಜ್ ಮಾಡಬಾರದಂತೆ, ಹೌದಾ?

— ಹೌದು. ಜೂನ್‌ನಲ್ಲಿ ಡಬ್ಬ ಗಾಡಿಯೊಳಗೇ ಇದ್ದರೆ ತೊಂದರೆಯಿಲ್ಲ.

— ಚಳಿಯ ಮಾತಾಯ್ತು. ಅಲ್ಲಿಗೆ ಮುಟ್ಟೋ ಮುಂಚೆ ನಾಗ್ಪುರ ಇದೆ. ಮೇ ಕೊನೆಗೆ ಹಗಲು 45 ಡಿಗ್ರಿ, ಮಧ್ಯರಾತ್ರಿಯೂ ಮೂವತ್ತರ ಮೇಲೆ. ಈ ಕಬ್ಬಿಣದ ಡಬ್ಬದಲ್ಲಿ ಮಲಗ್ತೀರಾ?

— 12 ವೋಲ್ಟಿನ ಎಸಿ ಸಿಗುತ್ತೆ, ಆದರೆ ಐನೂರು ಆರುನೂರು ವ್ಯಾಟು ತಿನ್ನುತ್ತೆ. ನನ್ನ ಡಬ್ಬಕ್ಕೆ ಎರಡು ಗಂಟೆಯ ಆಯಸ್ಸು.

— ಇಂಜಿನ್ ಆನ್ ಇಟ್ಟು ಎಸಿ ಹಾಕ್ಕೊಂಡು ಮಲಗೋ ಯೋಚನೆ ಬಂದರೆ ಅಲ್ಲೇ ಬಿಟ್ಟುಬಿಡು. ಹೊಗೆ ಒಳಗೆ ಸೇರಿದರೆ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ, ಎಚ್ಚರವೇ ಆಗಲ್ಲ. ಹೈದರಾಬಾದಿಂದ ಆಗ್ರಾ ದಾಟೋ ತನಕ ಲಾಡ್ಜಿಗೆ ದುಡ್ಡು ಎತ್ತಿಡು. ಬಯಲುಸೀಮೆಯಲ್ಲಿ ಚಳಿಗಾಲ, ಬೆಟ್ಟದಲ್ಲಿ ಬೇಸಿಗೆ, ಗಾಡಿಯಲ್ಲಿ ಮಲಗೋಕೆ ನಮ್ಮ ದೇಶದಲ್ಲಿ ಅಷ್ಟೇ ಕಾಲ. ವಿದೇಶದ ವಿಡಿಯೋಗಳಲ್ಲಿ ಹೀಟರಿನ ಮಾತೇ ಇರುತ್ತೆ, ಸೆಖೆಯ ಮಾತು ಒಬ್ಬರೂ ಆಡಲ್ಲ.

— ಶಿಮ್ಲಾ ದಾಟಿದ ಮೇಲೆ ಗಾಡಿಯಲ್ಲೇ ಇರ್ತೀವಿ. ಮನಾಲಿ ಕಡೆಯಿಂದ ಹೋಗಲ್ಲ. ಆ ಕಡೆ ಎರಡು ಸಾವಿರ ಮೀಟರಿನಿಂದ ಒಂದೇ ದಿನದಲ್ಲಿ ಕುಂಜುಮ್ ಕಣಿವೆಮಾರ್ಗದ ನಾಲ್ಕೂವರೆ ಸಾವಿರ ಹತ್ತಿಸಿಬಿಡುತ್ತೆ, ತಲೆ ಸಿಡಿಯುತ್ತೆ. ಕಿನ್ನೋರ್ ಮೇಲೆ ರೆಕಾಂಗ್ ಪಿಯೋ, ನಾಕೋ, ತಾಬೋ, ಕಾಜಾ ಅಂತ ನಿಧಾನಕ್ಕೆ ಏರಿದರೆ ಒಗ್ಗಿಕೊಳ್ಳುತ್ತೆ.

— ಕಾಜಾದಲ್ಲಿ ಅನ್ನ ಬೇಯಲ್ವಂತೆ?

— ಬರೀ ಪಾತ್ರೆಯಲ್ಲಿ ಕಷ್ಟ. ಮೂರೂವರೆ ಸಾವಿರ ಮೀಟರಿಗೂ ಮೇಲೆ, ನೀರು 87-88 ಡಿಗ್ರಿಗೇ ಕುದಿಯುತ್ತೆ. ಎರಡು ಲೀಟರಿನ ಕುಕ್ಕರ್ ಒಂದು ಇಟ್ಟುಕೊಳ್ತೀನಿ, ಸೀಟಿ ಹೊಡೆಯುವಾಗ ಒಳಗೆ 110 ದಾಟಿರುತ್ತೆ. ಬ್ಯೂಟೇನ್ ಕ್ಯಾನಿನ ಒಲೆ ಮಾತ್ರ ಬೆಳಗಿನ ಚಳಿಯಲ್ಲಿ ಸೊರಗುತ್ತೆ, ಶೂನ್ಯದ ಹತ್ತಿರ ಬ್ಯೂಟೇನ್ ಆವಿಯಾಗೋದೇ ನಿಲ್ಲುತ್ತೆ. ಕ್ಯಾನನ್ನ ಜಾಕೆಟ್ ಒಳಗೆ ಇಟ್ಟು ಸ್ವಲ್ಪ ಬೆಚ್ಚಗೆ ಮಾಡಬೇಕು.

— ಒಲೆ ಹೊರಗೇ ತಾನೇ?

— ಹೊರಗೇ. ಆದರೆ ನಮ್ಮ ಗಾಡಿಯ ಹಿಂಬಾಗಿಲು ಪಕ್ಕಕ್ಕೆ ತೆರೆಯುತ್ತೆ, ಮೇಲಕ್ಕಲ್ಲ, ಮಳೆ ಬಂದರೆ ತಲೆ ಮೇಲೆ ಏನೂ ಇರಲ್ಲ.

— ಟಾರ್ಪಾಲಿನ ಒಂದು ಅಂಚನ್ನ ಕ್ಯಾರಿಯರ್ರಿಗೆ ಕಟ್ಟು, ಇನ್ನೊಂದಕ್ಕೆ ಎರಡು ಕೋಲು. ನಾವು ಚಿಕ್ಕವರಿದ್ದಾಗ ಜಾತ್ರೆಗೆ ಕಮಾನುಗಾಡಿ ಕಟ್ಟಿಕೊಂಡು ಹೋಗ್ತಿದ್ವಿ, ನಿಮ್ಮಮ್ಮನೂ ಇರ್ತಿದ್ದಳು. ಗಾಡಿಯೊಳಗೆ ಮೊಣಕಾಲೆತ್ತರ ಹುಲ್ಲು, ಅದರ ಮೇಲೆ ಜಮಖಾನ. ಹಾಸಿಗೆಯೂ ಅದೇ, ಎತ್ತಿನ ಮೇವೂ ಅದೇ, ದಿನದಿನಕ್ಕೂ ತಗ್ಗುತ್ತಾ ಬರೋದು. ಒಳಗೆ ಹೆಂಗಸರು ಮಕ್ಕಳು, ಗಂಡಸರೆಲ್ಲ ಗಾಡಿಯ ಕೆಳಗೆ. ಒಲೆ ಮೂರು ಕಲ್ಲಿನ ಮೇಲೆ, ಹತ್ತು ಮಾರು ದೂರದಲ್ಲಿ. ಹುಲ್ಲಿನ ಮೇಲೆ ಮಲಗೋ ಜನ ಗಾಡಿಯೊಳಗೆ ಬೆಂಕಿ ಹಚ್ತಿರಲಿಲ್ಲ. ಎರಡು ದಿನ ಒಲೆಯನ್ನೇ ಹಚ್ಚದೆ ಪುಳಿಯೋಗರೆ ಬುತ್ತಿಯಲ್ಲೇ ಕಳೀತಿದ್ದದ್ದೂ ಉಂಟು. ನೀನೂ ಗೊಜ್ಜು, ಅವಲಕ್ಕಿ, ಚಟ್ನಿಪುಡಿ ಇಟ್ಟುಕೋ. ನಿಮ್ಮತ್ತೆ ಮಾಡಿಕೊಡ್ತಾಳೆ.

— ಅತ್ತೆ ಹತ್ತಿರ ಇನ್ನೊಂದು ಕೇಳಬೇಕಾಗಿತ್ತು. ನಿಮ್ಮ ಹತ್ತಿರವೇ ಹೇಳಿಬಿಡ್ತೀನಿ. ನೀವು ಸೂರಿನ ಎತ್ತರ, ತೂಕ ಎಲ್ಲ ಲೆಕ್ಕ ಹಾಕಿದ್ರಿ, ನಮ್ಮ ಗಾಡಿ ಎಲ್ಲಿ ನಿಲ್ಲಬೇಕು ಅಂತ ತೀರ್ಮಾನ ಮಾಡೋದು ಶೌಚಾಲಯ. ಗಂಡಸರು ಮಾಡೋ ವಿಡಿಯೋಗಳಲ್ಲಿ ಈ ವಿಷಯ ಅರ್ಧ ನಿಮಿಷದಲ್ಲಿ ಮುಗಿದಿರುತ್ತೆ. ನದಿ ತೀರ, ನಕ್ಷತ್ರ, ಗಿಟಾರು. ಬೆಳಗ್ಗೆ ಐದಕ್ಕೆ ಎದ್ದರೆ ಎಲ್ಲಿಗೆ ಹೋಗ್ತಾರೆ? ಹೇಳಲ್ಲ.

— ಬಂಕಿನಲ್ಲಿ ಇರುತ್ತಲ್ಲಮ್ಮ.

— ಇರಬೇಕು ಅಂತ ನಿಯಮ ಇದೆ. ಬಾಗಿಲಿಗೆ ಬೀಗವೂ ಇರುತ್ತೆ, ಕೀ ಇಟ್ಟುಕೊಂಡವನು ಊಟಕ್ಕೆ ಹೋಗಿರ್ತಾನೆ. ಅದಕ್ಕೇ ಮಡಚೋ ಕಮೋಡ್ ಸ್ಟೂಲು, ಮುಚ್ಚಳ ಇರೋದು, ಅದಕ್ಕೆ ಹಾಕೋ ಚೀಲ, ಮರದ ಪುಡಿ ತಗೊಂಡಿದ್ದೀನಿ. ಎಲ್ಲ ಸೇರಿ ಮೂರು ಕಿಲೋ ಇಲ್ಲ. ಬಟ್ಟೆ ಬದಲಾಯಿಸೋ ಒಂಟಿ ಟೆಂಟು, ತಾನೇ ಅರಳಿಕೊಳ್ಳುತ್ತೆ. ರಾತ್ರಿ ಹೊರಗೆ ಇಳಿಯೋ ಹಾಗಿಲ್ಲ ಅಂದರೆ ಮುಂದಿನ ಹಲಗೆ ಎತ್ತಿದರೆ ಆ ಒಂದಡಿ ಜಾಗ ಅದಕ್ಕೇ. ಆ ಹಲಗೆಗೆ ಮಾತ್ರ ಬೋಲ್ಟ್ ಬೇಡ ಮಾವ, ಕೈಯಲ್ಲಿ ಎತ್ತೋ ಹಾಗಿರಲಿ.

— ಸರಿ. ಆಗಲಿ. ಅದಕ್ಕೆ ತಿರುಗೋ ಚಿಲಕ ಹಾಕಿಕೊಡ್ತೀನಿ. ಹಾಂ, ಬಾಗಿಲು ಅಂದಾಗ ನೆನಪಾಯ್ತು. ಹಿಂಬಾಗಿಲನ್ನ ಒಳಗಿಂದ ತೆಗೆಯೋಕೆ ಬರುತ್ತಾ ನೋಡು, ಎಷ್ಟೋ ಗಾಡಿಗಳಲ್ಲಿ ಒಳಗೆ ಹಿಡಿಯೇ ಇರಲ್ಲ. ಪಕ್ಕದ ಬಾಗಿಲಿನ ಚೈಲ್ಡ್ ಲಾಕು ಬಿದ್ದಿದ್ದರಂತೂ ಒಳಗೇ ಸಿಕ್ಕಿಕೊಳ್ತೀರಿ. ಮಲಗೋ ಮುಂಚೆ ಒಳಗಿಂದ ಒಮ್ಮೆ ತೆಗೆದು ನೋಡಬೇಕು. ಗಾಡಿಯ ಮೂತಿ ರಸ್ತೆ ಕಡೆಗಿರಲಿ, ಕೀ ಯಾವಾಗಲೂ ಒಂದೇ ಜಾಗದಲ್ಲಿ.

— ಡ್ರೈವರ್ ಸೀಟಿಗೆ ಹೊರಗೆ ಇಳಿಯದೇ ದಾಟೋಕೆ ಆಗಬೇಕು ಅನ್ನೋದೂ ನನ್ನ ಲೆಕ್ಕದಲ್ಲಿದೆ. ಲಾರಿಗಳು ನಿಲ್ಲೋ ದೊಡ್ಡ ಬಂಕು, ಸಂಸಾರಸ್ಥರು ಊಟಕ್ಕೆ ಬರೋ ಢಾಬಾ, ಗುರುದ್ವಾರ. ಕೇಳಿಯೇ ನಿಲ್ಲಿಸೋದು. ಬೆಟ್ಟದಲ್ಲಿ ಹೋಂಸ್ಟೇಯವರ ಅಂಗಳದಲ್ಲಿ ನಿಲ್ಲಿಸಿ, ಅವರ ಮನೆಯಲ್ಲೇ ಊಟ ಮಾಡಿ ದುಡ್ಡು ಕೊಟ್ಟರೆ ಶೌಚಾಲಯವೂ ಸಿಗುತ್ತೆ. ಚಂದ್ರತಾಲ್ ಸರೋವರದ ದಡದಲ್ಲಿ ಬೀಡುಬಿಡೋ ಹಾಗೇ ಇಲ್ಲ, ಶಿಬಿರಗಳೆಲ್ಲ ಎರಡು ಮೂರು ಕಿಲೋಮೀಟರ್ ಆಚೆ.

— ಇಲ್ಲಿ ಬಂಡೀಪುರದಲ್ಲೂ ಹಾಗೇ ತಾನೇ? 2009ರಿಂದ ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರ ತನಕ ಗೇಟು ಹಾಕ್ತಾರೆ. ಕಾಡೊಳಗೆ ಹಗಲಲ್ಲೂ ನಿಲ್ಲಿಸೋ ಹಾಗಿಲ್ಲ. ಗಾಜಿಗೆ ಏನು ಮಾಡ್ತೀಯ? 2012ರಲ್ಲೇ ಸುಪ್ರೀಂ ಕೋರ್ಟು ಕಪ್ಪು ಫಿಲ್ಮು ಬೇಡ ಅಂದಿದೆ.

— ಬೆಳ್ಳಿ ಬಣ್ಣದ ಫೋಮ್ ಶೀಟನ್ನ ಗಾಜಿನ ಆಕಾರಕ್ಕೆ ಕತ್ತರಿಸಿ ರಾತ್ರಿ ಒಳಗಿಂದ ಸಿಕ್ಕಿಸೋದು, ಬೆಳಗ್ಗೆ ತೆಗೆದು ಹಾಸಿಗೆ ಕೆಳಗೆ ಹಾಕೋದು. ಎರಡು ಬಾಗಿಲಿಗೆ ಸೊಳ್ಳೆ ಪರದೆಯ ಚೀಲ ಹೊಲಿಸಿದ್ದೀನಿ, ಹೊರಗಿಂದ ತೊಡಿಸಿ ಗಾಜು ಒಂದಿಂಚು ಇಳಿಸಿದರೆ ಗಾಳಿಯಾಡುತ್ತೆ. ಇಲ್ಲದಿದ್ದರೆ ನಮ್ಮ ಉಸಿರೇ ನೀರಾಗಿ ಬೆಳಗ್ಗೆ ಹಾಸಿಗೆಯೆಲ್ಲ ಒದ್ದೆ. ಇನ್ನು ಪ್ಲೈವುಡ್ ಯಾವಾಗ ತರೋದು ಹೇಳಿ.

— ಈಗಲೇ ಬೇಡ. ಅಟ್ಟದ ಮೇಲೆ ಹಳೇ ಹಲಗೆಗಳಿವೆ. ಕೆಳಗೆ ಟೊಮ್ಯಾಟೊ ಕ್ರೇಟು ಕೊಟ್ಟು ಅದರ ಮೇಲೆ ಜೋಡಿಸು, ಬೆಲ್ಟು ಬಿಗಿ. ಇಬ್ಬರೂ ಸಕಲೇಶಪುರದ ಕಡೆ ಹೋಗಿ ಮಳೆಯಲ್ಲಿ ಒಂದು ರಾತ್ರಿ ಮಲಗಿ ಬನ್ನಿ. ಯಾವುದು ಎಲ್ಲಿ ಕೈಗೆ ಸಿಗಬೇಕು ಅಂತ ಆ ಒಂದೇ ರಾತ್ರಿಗೆ ಗೊತ್ತಾಗುತ್ತೆ. ಆಮೇಲೆ ಗರಗಸ ಹಿಡಿಯೋಣ.

— ಟೊಮ್ಯಾಟೊ ಕ್ರೇಟು ಹನ್ನೆರಡು ಇಂಚು ಎತ್ತರ ಇರುತ್ತೆ ಮಾವ. ಮೇಲೆ ಎರಡೂವರೆ ಸೇರಿಸಿದರೆ ನನ್ನ ತಲೆ ಸೂರಿಗೆ ತಗಲುತ್ತೆ.

— ನಾಲ್ಕೂವರೆ ಇಂಚು ಬಗ್ಗಿಕೊಂಡು ಒಂದು ರಾತ್ರಿ ಕೂತು ನೋಡು. ಡ್ರಾಯರಿನ ಮಾತು ನೀನೇ ಮತ್ತೆ ಎತ್ತಲ್ಲ.